ನಿಮಗೆ ಹೇಗೆ ಗೊತ್ತು ಟೀಚರ್?



2017ರ ಫೆಬ್ರವರಿ ತಿಂಗಳು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆಗಷ್ಟೇ ಆರಂಭವಾಗಿತ್ತು. ಇಡೀ ದೇಶದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದದ್ದು ನಮ್ಮ ಕರ್ನಾಟಕ, ತಮಿಳುನಾಡು, ಪುದುಚೇರಿ, ಗೋವಾ ಮತ್ತು ಲಕ್ಷದ್ವೀಪ. ಒಂಬತ್ತು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು. ಸುಮಾರು 3.6 ಕೋಟಿ ಮಕ್ಕಳಿಗೆ ಹಾಕುವ ಗುರಿ. ನಮ್ಮ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಪತ್ರಗಳನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಿದ್ದೆವು. ಮರುದಿನ ಹೆಚ್ಚಿನ ಪತ್ರಗಳು ಸಹಿಯಿಲ್ಲದೆ ಹಿಂದೆ ಬಂದವು.

ಅಂದು ಸಂಜೆ ಮೂರನೇ ತರಗತಿಯ ಹುಡುಗಿಯೊಬ್ಬಳ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಸೊಂಟದಲ್ಲಿ ನಾಲ್ಕು ವರ್ಷದ ಕಿರಿಯ ಮಗಳು, ಕೈಯಲ್ಲಿ ಮೊಬೈಲ್. ಮೊಬೈಲಿನಲ್ಲಿ ಯಾರೋ ಕಳುಹಿಸಿದ ಧ್ವನಿ ಸಂದೇಶ. ಈ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂದು ಅದರಲ್ಲಿ ಒಬ್ಬರು ಗಂಭೀರವಾಗಿ ಹೇಳುತ್ತಿದ್ದರು.

"ಟೀಚರ್, ಸಹಿ ಹಾಕಲಾ, ಬೇಡವಾ? ನೀವೇ ಹೇಳಿ."

"ಹಾಕಿ, ಏನೂ ಆಗುವುದಿಲ್ಲ" ಎಂದೆ.

"ನಿಮಗೆ ಹೇಗೆ ಗೊತ್ತು ಟೀಚರ್?"

ನಾನು ನಕ್ಕುಬಿಟ್ಟೆ. ಪರೀಕ್ಷೆ ಮಾಡದೆ ಸರಕಾರ ಕೊಡುತ್ತದೆಯೇ ಎಂದು ಕೇಳಿದೆ. ಆಕೆ ಸಹಿ ಹಾಕಿದರು. ಚುಚ್ಚುಮದ್ದು ಹಾಕಿಸಿದ ರಾತ್ರಿ ಹುಡುಗಿಯ ತೋಳು ನೋಯತೊಡಗಿತು. ವಾರ ಕಳೆದ ಮೇಲೆ ಎರಡು ದಿನ ಜ್ವರ, ಮೈಮೇಲೆ ಸಣ್ಣ ಸಣ್ಣ ಗುಳ್ಳೆ. ಈ ಲಸಿಕೆ ಹಾಕಿಸಿಕೊಂಡ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ತಾನಾಗಿಯೇ ಇಳಿಯುತ್ತದೆ. ಆರೋಗ್ಯ ಕಾರ್ಯಕರ್ತೆಗೆ ಇದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಾಯಿ ಮತ್ತೆ ಬಂದರು. ಜಗಳವಾಡಲಿಲ್ಲ. "ಏನೂ ಆಗುವುದಿಲ್ಲ ಅಂದಿದ್ದಿರಲ್ಲ ಟೀಚರ್" ಎಂದಷ್ಟೇ ಹೇಳಿ ಹೋದರು. ಹುಡುಗಿಯ ಜ್ವರ ಇಳಿಯಿತು. ಆದರೆ ಕಿರಿಯ ಮಗಳನ್ನು ಆ ತಾಯಿ ಲಸಿಕೆಗೆ ಕರೆದುಕೊಂಡು ಹೋಗಲೇ ಇಲ್ಲ.

ಆ ಪುಟ್ಟ ಹುಡುಗಿಗೆ ಲಸಿಕೆ ತಪ್ಪಲು ಕಾರಣ ಆ ಧ್ವನಿ ಸಂದೇಶ ಎಂದು ಬಹಳ ದಿನ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಸತ್ಯ ಬೇರೆ. ಧ್ವನಿ ಸಂದೇಶ ಕೇಳಿದ ಮೇಲೂ ಆಕೆ ಸಹಿ ಹಾಕಿದ್ದರು. ಆಕೆಯ ವಿಶ್ವಾಸ ಮುರಿದದ್ದು ನನ್ನ ಮಾತಿನಿಂದ.

ಮದ್ರಸದಲ್ಲಿ ಕಲಿಯುವಾಗ ನಮ್ಮ ಉಸ್ತಾದರು ಒಂದು ವಿಷಯವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು ಹದೀಸನ್ನು ಸ್ವೀಕರಿಸುವ ಮುನ್ನ ವಿದ್ವಾಂಸರು ಅದರ ಇಸ್ನಾದನ್ನು ನೋಡುತ್ತಾರೆ. ಅಂದರೆ ಈ ಮಾತು ಯಾರಿಂದ ಯಾರಿಗೆ ಬಂತು, ಅವರು ಎಂಥವರು, ನೆನಪಿನ ಶಕ್ತಿ ಹೇಗಿತ್ತು, ಸುಳ್ಳು ಹೇಳಿದ್ದುಂಟೇ ಎಂದು ಒಂದೊಂದು ಕೊಂಡಿಯನ್ನೂ ಪರೀಕ್ಷಿಸುತ್ತಾರೆ. ಒಂದು ಕೊಂಡಿ ದುರ್ಬಲವಾದರೂ ಇಡೀ ವರದಿ ದುರ್ಬಲವಾಗುತ್ತದೆ. ಇದನ್ನೆಲ್ಲ ಕಲಿತ ನಾನು, "ಲಸಿಕೆ ಸುರಕ್ಷಿತ" ಎಂಬ ಮಾತು ನನ್ನ ಬಾಯಿಗೆ ಯಾವ ಸರಪಳಿಯಿಂದ ಬಂತು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಆ ತಾಯಿ ಕೇಳಿದ್ದು ಇಸ್ನಾದನ್ನೇ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸರಪಳಿಯನ್ನು ನೋಡೋಣ. ನಮ್ಮ ದೇಶದಲ್ಲಿ ಔಷಧಗಳ ಮೇಲಿನ ಕಾನೂನು 1940ರದ್ದು. ಹೊಸ ಔಷಧ ಅಥವಾ ಲಸಿಕೆಗೆ ಅನುಮತಿ ಕೊಡುವ ಅಧಿಕಾರ ದಿಲ್ಲಿಯಲ್ಲಿರುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯದು. ಪತ್ರಿಕೆಗಳು ಡಿಸಿಜಿಐ ಎಂದು ಬರೆಯುವ ಔಷಧ ಮಹಾನಿಯಂತ್ರಕರು ಅದರ ಮುಖ್ಯಸ್ಥರು. ಹೊಸ ಲಸಿಕೆಯೊಂದನ್ನು ಮೊದಲು ಪ್ರಾಣಿಗಳ ಮೇಲೆ, ನಂತರ ಮನುಷ್ಯರ ಮೇಲೆ ಮೂರು ಹಂತಗಳಲ್ಲಿ ಪರೀಕ್ಷಿಸಬೇಕು. ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತರು. ಅಪಾಯವಿದೆಯೇ ಎಂದು ನೋಡುವುದು ಅಲ್ಲಿನ ಮುಖ್ಯ ಕೆಲಸ. ಎರಡನೆಯದರಲ್ಲಿ ಕೆಲವು ನೂರು ಮಂದಿ. ಎಷ್ಟು ಪ್ರಮಾಣ ಕೊಡಬೇಕು, ದೇಹದಲ್ಲಿ ರೋಗನಿರೋಧಕ ಶಕ್ತಿ ಬರುತ್ತದೆಯೇ ಎಂಬುದನ್ನು ಇಲ್ಲಿ ನೋಡುತ್ತಾರೆ. ಮೂರನೆಯದರಲ್ಲಿ ಸಾವಿರಾರು ಮಂದಿ. ಅರ್ಧ ಜನರಿಗೆ ಲಸಿಕೆ, ಉಳಿದ ಅರ್ಧಕ್ಕೆ ಬೇರೇನೋ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ತಿಳಿದಿರುವುದಿಲ್ಲ. ಕೊನೆಗೆ ಲೆಕ್ಕ ತೆಗೆದು ಎರಡು ಗುಂಪುಗಳನ್ನು ಹೋಲಿಸುತ್ತಾರೆ. ಈ ದಾಖಲೆಗಳನ್ನೆಲ್ಲ ವಿಷಯ ತಜ್ಞರ ಸಮಿತಿಯೊಂದು ಓದಿ ಶಿಫಾರಸು ಮಾಡಿದ ಮೇಲೆ ಮಹಾನಿಯಂತ್ರಕರ ಸಹಿ.

ಸಹಿ ಬಿದ್ದಲ್ಲಿಗೆ ಕೆಲಸ ಮುಗಿಯುವುದಿಲ್ಲ. ತಯಾರಾದ ಲಸಿಕೆಯ ಪ್ರತಿಯೊಂದು ಬ್ಯಾಚೂ ಹಿಮಾಚಲ ಪ್ರದೇಶದ ಕಸೌಲಿಯಲ್ಲಿರುವ ಕೇಂದ್ರ ಔಷಧ ಪ್ರಯೋಗಾಲಯದ ಕಣ್ಣಿಗೆ ಬಿದ್ದು ಹೊರಬರಬೇಕು. ಲಸಿಕೆ ಹಾಕಿದ ಮೇಲೆ ಯಾರಿಗಾದರೂ ಗಂಭೀರ ತೊಂದರೆಯಾದರೆ ಅದನ್ನು ತನಿಖೆ ಮಾಡಲು ಜಿಲ್ಲೆ, ರಾಜ್ಯ ಮತ್ತು ರಾಷ್ಟ್ರ ಮಟ್ಟದಲ್ಲಿ ಸಮಿತಿಗಳಿವೆ. ಇದೇಕೆ ಬೇಕು? ಸಾವಿರಾರು ಮಂದಿಯ ಮೇಲೆ ಪರೀಕ್ಷಿಸಿದಾಗ ಕಾಣದ ತೊಂದರೆ, ಕೋಟಿ ಜನರಿಗೆ ಕೊಟ್ಟಾಗ ಕಾಣಬಹುದು. ಲಕ್ಷಕ್ಕೊಬ್ಬರಿಗೆ ಬರುವ ತೊಂದರೆ ಹತ್ತು ಸಾವಿರ ಮಂದಿಯಲ್ಲಿ ಸಿಗದೇ ಹೋಗಬಹುದಲ್ಲವೇ? ಆದ್ದರಿಂದ ಅನುಮತಿಯ ನಂತರವೂ ಕಾವಲು ಬೇಕು.

ಕಾಗದದ ಮೇಲೆ ಇದು ಒಳ್ಳೆಯ ಸರಪಳಿ. ಆದರೆ ಕೊಂಡಿಗಳು ದುರ್ಬಲವಾದ ಸಂದರ್ಭಗಳೂ ಇವೆ. ಅವುಗಳನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ, 2017ರಲ್ಲಿ ಮಾಡಿದ ತಪ್ಪನ್ನೇ ನಾನು ಮತ್ತೆ ಮಾಡಿದಂತೆ.

ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಗೆ ನಮ್ಮ ದೇಶದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ, 2009ರಲ್ಲಿ, ಅಮೆರಿಕದ ಪಾಥ್ ಎಂಬ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ಕೈಗೊಂಡವು. ಆ ಹುಡುಗಿಯರಲ್ಲಿ ಅನೇಕರು ಬಡ ಆದಿವಾಸಿ ಮನೆಗಳವರು, ಹಾಸ್ಟೆಲುಗಳಲ್ಲಿ ಇದ್ದು ಓದುತ್ತಿದ್ದವರು. ಅವರಲ್ಲಿ ಏಳು ಮಂದಿ ತೀರಿಕೊಂಡ ಸುದ್ದಿ ಬಂತು. ಗದ್ದಲವೆದ್ದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು.

ತನಿಖೆಯಾಯಿತು. ಸಾವುಗಳಿಗೂ ಲಸಿಕೆಗೂ ಸಂಬಂಧವಿರುವ ಲಕ್ಷಣ ತನಿಖಾ ಸಮಿತಿಗೆ ಕಾಣಲಿಲ್ಲ. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ವಿಷ ಸೇವನೆ ಮುಂತಾದ ಕಾರಣಗಳು ಅದರಲ್ಲಿದ್ದವು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763 ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲಿನ ವಾರ್ಡನ್‌ಗಳು. 1,948 ಪತ್ರಗಳಲ್ಲಿ ಹೆಬ್ಬೆಟ್ಟಿನ ಗುರುತು. ಓದಲು ಬಾರದ ಆ ಹೆತ್ತವರಿಗೆ ಪತ್ರದಲ್ಲಿ ಏನಿದೆಯೆಂದು ಓದಿ ಹೇಳಿದವರು ಯಾರು? 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಈ ಇಡೀ ಪ್ರಕರಣವನ್ನು ಕಟುವಾಗಿ ಖಂಡಿಸಿ ವರದಿ ಕೊಟ್ಟಿತು. ಅದಕ್ಕೂ ಮೊದಲು, 2012ರಲ್ಲಿ, ಅದೇ ಸಮಿತಿ ಔಷಧ ನಿಯಂತ್ರಣ ಸಂಸ್ಥೆಯ ಕುರಿತೇ ಒಂದು ವರದಿ ನೀಡಿತ್ತು. ಭಾರತೀಯರ ಮೇಲೆ ಪರೀಕ್ಷೆಯೇ ನಡೆಯದೆ ಹಲವು ಔಷಧಗಳಿಗೆ ಅನುಮತಿ ಸಿಕ್ಕಿದೆ, ಬೇರೆ ಬೇರೆ ಊರಿನ ತಜ್ಞರು ಬರೆದ ಶಿಫಾರಸು ಪತ್ರಗಳು ಪದಕ್ಕೆ ಪದ ಒಂದೇ ತರಹ ಇವೆ ಎಂದು ಅದರಲ್ಲಿತ್ತು. ಇದು ಯಾರೋ ಹಬ್ಬಿಸಿದ ಗಾಳಿಮಾತಲ್ಲ, ನಮ್ಮ ಸಂಸತ್ತಿನ ದಾಖಲೆ.

ಸಹೋದರಿಯರೇ, ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಲಸಿಕೆ ಕೆಟ್ಟದ್ದೇ? ಅದನ್ನು ಕೊಟ್ಟ ರೀತಿ ಕೆಟ್ಟದ್ದೇ? ನಮ್ಮ ಪಾಠದ ಮಾತಿನಲ್ಲಿ ಹೇಳುವುದಾದರೆ, ಮತ್ನ್ ಸರಿಯಿದ್ದು ಸನದ್ ದುರ್ಬಲವಾಗಿರಬಹುದು. ಅಂಥ ಮಾತನ್ನು ವಿದ್ವಾಂಸರು ಸುಳ್ಳೆಂದು ಎಸೆಯುವುದಿಲ್ಲ, ಬೇರೆ ಸನದಿನಿಂದ ಬಂದಿದೆಯೇ ಎಂದು ಹುಡುಕುತ್ತಾರೆ. ಎಚ್‌ಪಿವಿ ಲಸಿಕೆಗೆ ಬೇರೆ ಸನದುಗಳು ಸಿಕ್ಕಿವೆ. ಇಂಗ್ಲೆಂಡಿನಲ್ಲಿ ಹನ್ನೆರಡು-ಹದಿಮೂರನೇ ವಯಸ್ಸಿನಲ್ಲಿ ಲಸಿಕೆಯ ಕಾರ್ಯಕ್ರಮ ದೊರೆತ ಹೆಣ್ಣುಮಕ್ಕಳಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 87ರಷ್ಟು ಕಡಿಮೆಯಾಗಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ? 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ವಾರ್ಡನ್‌ಗಳು ಅವಸರದಲ್ಲಿ ಹಾಕಿದ ಆ ಸಹಿಗಳು ಎಷ್ಟು ವರ್ಷಗಳ ವಿಶ್ವಾಸವನ್ನು ನುಂಗಿದವು, ಎಷ್ಟು ಹೆಣ್ಣುಮಕ್ಕಳಿಗೆ ಲಸಿಕೆ ತಡವಾಯಿತು ಎಂದು ಯೋಚಿಸಿ ನೋಡಿ.

ಕೊರೋನಾ ಕಾಲದಲ್ಲೂ ಇದೇ ಆಯಿತು. 2021ರ ಜನವರಿ 3ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಕೋವ್ಯಾಕ್ಸಿನ್ ಎಷ್ಟರ ಮಟ್ಟಿಗೆ ರೋಗ ತಡೆಯುತ್ತದೆಂಬ ಮೂರನೇ ಹಂತದ ಫಲಿತಾಂಶ ಆಗ ಬಂದಿರಲಿಲ್ಲ. ಆದ್ದರಿಂದ ಪರೀಕ್ಷೆಯ ರೀತಿಯಲ್ಲಿಯೇ ಕೊಡಬೇಕೆಂಬ ಷರತ್ತು ಹಾಕಿದ್ದರು, ಹಾಕಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ಅಂದೇ ಔಷಧ ಮಹಾನಿಯಂತ್ರಕರು ಲಸಿಕೆಗಳು ಶೇಕಡಾ 110ರಷ್ಟು ಸುರಕ್ಷಿತ ಎಂದು ಪತ್ರಕರ್ತರಿಗೆ ಹೇಳಿದರು. ಮಾರ್ಚ್ ತಿಂಗಳಲ್ಲಿ ಮಧ್ಯಂತರ ಫಲಿತಾಂಶ ಬಂತು. ಕೋವ್ಯಾಕ್ಸಿನ್ ಕೆಲಸ ಮಾಡುತ್ತದೆಂದು ತಿಳಿಯಿತು. ಆದರೆ ಜನವರಿಗೂ ಮಾರ್ಚ್‌ಗೂ ನಡುವೆ ಆಸ್ಪತ್ರೆಯ ನರ್ಸುಗಳು, ಆಶಾ ಕಾರ್ಯಕರ್ತೆಯರೇ ಅನುಮಾನದಿಂದ ಹಿಂಜರಿದದ್ದನ್ನು ನಾವೆಲ್ಲ ನೋಡಿದ್ದೇವೆ. ನೂರಕ್ಕೆ ನೂರು ಎನ್ನಲಾಗದ ಜಾಗದಲ್ಲಿ ನೂರ ಹತ್ತು ಎಂದರೆ ಕೇಳುವವರಿಗೆ ಧೈರ್ಯ ಬರುವುದೇ, ಸಂಶಯ ಬರುವುದೇ? ನನ್ನ "ಏನೂ ಆಗುವುದಿಲ್ಲ" ಕೂಡ ಇದೇ ಜಾತಿಯದು.

ಕೋವಿಶೀಲ್ಡ್ ವಿಷಯವನ್ನೂ ನೆನಪಿಸಿಕೊಳ್ಳಿ. ಆ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಬ್ರಿಟನ್ ಮತ್ತು ಯುರೋಪಿನ ನಿಯಂತ್ರಕರು 2021ರ ಏಪ್ರಿಲ್‌ನಲ್ಲಿಯೇ ಬಹಿರಂಗವಾಗಿ ಹೇಳಿದ್ದರು. ಚಿಕ್ಕ ವಯಸ್ಸಿನವರಿಗೆ ಬೇರೆ ಲಸಿಕೆ ಕೊಡುವುದು ಮೇಲೆಂದು ಬ್ರಿಟನ್ ಸಲಹೆಯನ್ನೂ ಬದಲಿಸಿತು. ನಮ್ಮ ಮನೆಗಳಿಗೆ ಆ ಮಾತು ತಲುಪಿದ್ದು ಮೂರು ವರ್ಷಗಳ ನಂತರ, 2024ರಲ್ಲಿ, ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತೆಂಬ ವಾಟ್ಸಪ್ ಸಂದೇಶವಾಗಿ. ಲಸಿಕೆ ಹಾಕಿಸಿಕೊಂಡು ಮೂರು ವರ್ಷ ಕಳೆದಿದ್ದ ನಮ್ಮ ನೆರೆಮನೆಯ ಅಜ್ಜಿಗೆ ರಾತ್ರಿ ನಿದ್ರೆ ಬರಲಿಲ್ಲ. ಆ ತೊಂದರೆ ಬರುವುದಿದ್ದರೆ ಲಸಿಕೆ ಹಾಕಿಸಿದ ಕೆಲವು ವಾರಗಳೊಳಗೇ ಬರುತ್ತದೆ ಎಂದು ಆಗಲೇ ಯಾರಾದರೂ ಹೇಳಿದ್ದರೆ ಅವರು ನೆಮ್ಮದಿಯಿಂದ ಮಲಗುತ್ತಿದ್ದರು.

ಇನ್ನು ಲಸಿಕೆ ಬಿಟ್ಟು ಔಷಧದ ಮಾತು. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಒಟ್ಟು ಐದು ಮಂದಿ. ಅನುಮಾನ ಬಿದ್ದದ್ದು ಅವರಿಗೆ ಡ್ರಿಪ್ ಹಾಕಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಕೆಲವು ಬ್ಯಾಚುಗಳು ಸರಿಯಿಲ್ಲವೆಂದು ರಾಜ್ಯದ ಪ್ರಯೋಗಾಲಯ ಹೇಳಿದ್ದರೆ, ಸರಿಯಿವೆಯೆಂದು ಕೇಂದ್ರದ ಪ್ರಯೋಗಾಲಯ ಹೇಳಿತ್ತು ಎಂಬುದು ಆಗ ಹೊರಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಸರಕಾರ ಅಮಾನತುಗೊಳಿಸಿತು. ಮರುವರ್ಷ, 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಶೇಕಡಾ 48.6ರಷ್ಟಿತ್ತು. ಇರಬಹುದಾದ ಮಿತಿ ಶೇಕಡಾ 0.1. ಮೂರು ವರ್ಷ ಮೊದಲು ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಬೊಟ್ಟು ಮಾಡಿದ್ದೂ ಭಾರತದಲ್ಲಿ ತಯಾರಾದ ಸಿರಪ್‌ಗಳ ಕಡೆಗೇ.

ಇದನ್ನೆಲ್ಲ ಓದಿ, "ಹಾಗಾದರೆ ಯಾವುದೂ ಬೇಡ" ಎಂದು ನೀವು ತೀರ್ಮಾನಿಸಬಹುದೆಂಬ ಭಯ ನನಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕಾವಲುಗಾರ ಒಂದು ದಿನ ನಿದ್ದೆ ಮಾಡಿದನೆಂದು ಯಾರೂ ಮನೆಯ ಬಾಗಿಲನ್ನು ಕಿತ್ತುಹಾಕುವುದಿಲ್ಲ. ಕಾವಲುಗಾರನನ್ನು ಎಚ್ಚರಿಸುತ್ತೇವೆ.

ಎಚ್ಚರವಾಗಿದ್ದ ಒಬ್ಬ ಕಾವಲುಗಾರ್ತಿಯ ಕಥೆ ಕೇಳಿ. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ ಕೆಲಸಕ್ಕೆ ಸೇರಿದರು. ಅವರ ಮೇಜಿಗೆ ಬಂದ ಮೊದಮೊದಲ ಅರ್ಜಿಗಳಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯದೂ ಒಂದು. ಯುರೋಪಿನಲ್ಲಿ ಆಗಲೇ ಮಾರಾಟವಾಗುತ್ತಿತ್ತು, ಗರ್ಭಿಣಿಯರು ವಾಂತಿ ನಿಲ್ಲಲೆಂದು ನುಂಗುತ್ತಿದ್ದರು. ಕಂಪನಿ ಅವಸರ ಮಾಡಿತು, ಮತ್ತೆ ಮತ್ತೆ ಒತ್ತಡ ಹೇರಿತು. ಪುರಾವೆ ಸಾಲದು, ಇನ್ನಷ್ಟು ತನ್ನಿ ಎಂದು ಆಕೆ ಅರ್ಜಿಯನ್ನು ಹಿಂದಕ್ಕೆ ಕಳುಹಿಸುತ್ತಲೇ ಇದ್ದರು. 1961ರ ಕೊನೆಗೆ ಸತ್ಯ ಹೊರಬಿತ್ತು. ಆ ಗುಳಿಗೆಯಿಂದಾಗಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ, ಅಂಗಹೀನರಾಗಿ ಹುಟ್ಟಿದ್ದರು. ಒಬ್ಬ ಮಹಿಳೆ "ಇನ್ನೂ ಸಾಲದು" ಎಂದದ್ದರಿಂದ ಅಮೆರಿಕದ ತಾಯಂದಿರು ಬಹುಮಟ್ಟಿಗೆ ಪಾರಾದರು. ಮರುವರ್ಷ ಆ ದೇಶದ ಔಷಧ ಕಾನೂನೇ ಬಿಗಿಯಾಯಿತು.

ಈ ಹೊಣೆ ನಮ್ಮ ಚರಿತ್ರೆಗೂ ಹೊಸದಲ್ಲ. ಇಸ್ಲಾಮೀ ನಗರಗಳಲ್ಲಿ ಪೇಟೆಯ ತೂಕ, ಅಳತೆ, ಗುಣಮಟ್ಟ ನೋಡಲು ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದರು. ಹನ್ನೆರಡನೇ ಶತಮಾನದಲ್ಲಿ ಸಿರಿಯಾದ ಶೈಝರೀ ಎಂಬವರು ಮುಹ್ತಸಿಬರಿಗಾಗಿ ಬರೆದ ಕೈಪಿಡಿಯಲ್ಲಿ ಮದ್ದು ಮಾರುವವರ ಕುರಿತೂ ಔಷಧದ ಶರಬತ್ತು ತಯಾರಿಸುವವರ ಕುರಿತೂ ಬೇರೆ ಬೇರೆ ಅಧ್ಯಾಯಗಳಿವೆ. ಮದ್ದಿನಲ್ಲಿ ಕಲಬೆರಕೆ ಮಾಡುವ ಬಗೆಗಳನ್ನೂ ಅವನ್ನು ಪತ್ತೆಹಚ್ಚುವ ಉಪಾಯಗಳನ್ನೂ ಅದರಲ್ಲಿ ವಿವರಿಸಲಾಗಿದೆ. ಎಂಟು ಶತಮಾನಗಳ ಹಿಂದೆ ಶರಬತ್ತಿನ ಅಂಗಡಿಗೆ ಹೋಗಿ ಪರೀಕ್ಷಿಸಬೇಕೆಂದು ತಿಳಿದಿತ್ತು. ಇಂದು ಸಿರಪ್ಪಿನ ಕಾರ್ಖಾನೆಗೆ ಹೋಗಿ ನೋಡಬೇಕಾದವರು ಹೋಗದಿದ್ದರೆ ಅದು ಅಮಾನತಿನ ದ್ರೋಹ. ಅದನ್ನು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ.

ಆದರೆ ಅವರ ದ್ರೋಹಕ್ಕೆ ನಮ್ಮ ಮಕ್ಕಳು ಬೆಲೆ ತೆರುವಂತಾಗಬಾರದು. 2011ರಲ್ಲಿ ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಲಸಿಕೆಯ ಹೆಸರಿನಲ್ಲಿ ನಾಟಕವಾಡಿ ಬಿನ್ ಲಾದೆನ್‌ನ ಮನೆಯವರ ಗುರುತು ಹಿಡಿಯಲು ಯತ್ನಿಸಿತು. ಲಸಿಕೆಯನ್ನು ಇನ್ನು ಹೀಗೆ ಬಳಸುವುದಿಲ್ಲ ಎಂದು ಅಮೆರಿಕ ಸರಕಾರ 2014ರಲ್ಲಿ ಮಾತು ಕೊಟ್ಟಿತು. ಅಷ್ಟರಲ್ಲಿ ಮನೆಮನೆಗೆ ಪೋಲಿಯೋ ಹನಿ ಹಾಕಲು ಹೋಗುತ್ತಿದ್ದ ಬಡ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾಗಿದ್ದರು. ಆ ವರ್ಷ ಪಾಕಿಸ್ತಾನದಲ್ಲಿ 306 ಪೋಲಿಯೋ ಪ್ರಕರಣಗಳು ಕಂಡುಬಂದವು. ಮೋಸ ಮಾಡಿದವರು ಯಾರೋ, ಕಾಲು ಸೋತು ಕುಳಿತ ಮಕ್ಕಳು ಯಾರದೋ.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. 2002ರಲ್ಲಿ ಭಾರತದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೋ ಬಂತು. ಹೆಚ್ಚಿನವರು ಉತ್ತರ ಪ್ರದೇಶದವರು. ಆ ರಾಜ್ಯದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮುಸ್ಲಿಮರು. ಹನಿ ಹಾಕಿಸಿದರೆ ಸಂತಾನವಾಗುವುದಿಲ್ಲ ಎಂಬ ಅದೇ ಹಳೆಯ ಮಾತು ಅಲ್ಲೂ ಹಬ್ಬಿತ್ತು. ಹನಿ ಹಾಕಲು ತಪ್ಪದೆ ಬರುವ ಸರಕಾರ, ಚರಂಡಿ ಕಟ್ಟಲು, ಆಸ್ಪತ್ರೆ ತೆರೆಯಲು ಏಕೆ ಬರುವುದಿಲ್ಲ ಎಂದು ಜನರು ಕೇಳುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. 2003ರ ನಂತರ ಕೆಲಸದ ರೀತಿ ಬದಲಾಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್ದರ್ದ್ ಜೊತೆಗೂಡಿದವು. ಮಸೀದಿಗಳಿಂದ ಇಮಾಮರು ಕರೆಕೊಟ್ಟರು. ಅದೇ ಬೀದಿಯ ಹೆಂಗಸರು ಮನೆಮನೆಗೆ ಹೋಗಿ ಕುಳಿತು ಮಾತನಾಡಿದರು. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದದ್ದೇ ಭಾರತದ ಕೊನೆಯ ಸಹಜ ಪೋಲಿಯೋ ವೈರಸ್ ಪ್ರಕರಣ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಬೈದು ಅಥವಾ ಬೆದರಿಸಿ ಇದನ್ನು ಸಾಧಿಸಲು ಆಗುತ್ತಿರಲಿಲ್ಲ. ಪ್ರಶ್ನೆ ಕೇಳಿದವರಿಗೆ ಕುಳಿತು ಉತ್ತರ ಕೊಟ್ಟದ್ದರಿಂದ ಆಯಿತು.

ಹಲಾಲ್-ಹರಾಮಿನ ಸಂದೇಹವೂ ಕೆಲವರಲ್ಲಿದೆ. 2018ರಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿ ಭಾರತದಲ್ಲಿ ತಯಾರಾದ ಇದೇ ದಡಾರ-ರುಬೆಲ್ಲಾ ಲಸಿಕೆಯ ಬಗ್ಗೆ ಫತ್ವಾ ಕೊಟ್ಟಿತು. ತಯಾರಿಕೆಯಲ್ಲಿ ಹಂದಿಯ ಮೂಲದ ವಸ್ತು ಬಳಕೆಯಾಗಿದೆ, ಆದರೂ ಬೇರೆ ಹಲಾಲ್ ಲಸಿಕೆ ಇಲ್ಲದಿರುವುದರಿಂದ ಮತ್ತು ರೋಗದ ಅಪಾಯ ದೊಡ್ಡದಾದ್ದರಿಂದ ದರೂರತ್‌ನ ನಿಯಮದಂತೆ ಹಾಕಿಸಬಹುದು ಎಂಬುದು ಆ ತೀರ್ಪು. ಜನರು ಮೊದಲ ಅರ್ಧವನ್ನು ಕೇಳಿದರು, ಎರಡನೆಯ ಅರ್ಧವನ್ನು ಕೇಳಲಿಲ್ಲ. ಜಾವಾದ ಹೊರಗಿನ ಪ್ರಾಂತ್ಯಗಳಲ್ಲಿ ಲಸಿಕೆಯ ಗುರಿ ತಲುಪಲಾಗಲಿಲ್ಲ. ಅರ್ಧ ಸುದ್ದಿ ಕೆಲವೊಮ್ಮೆ ಸುಳ್ಳು ಸುದ್ದಿಗಿಂತಲೂ ಹೆಚ್ಚು ಕೆಡುಕು ಮಾಡುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಸಹಿ ಹಾಕುವ ಮೊದಲು ಪತ್ರವನ್ನು ಓದಿ, ಓದಲು ಬಾರದಿದ್ದರೆ ಓದಿಸಿ. ಇದು ಯಾವ ರೋಗಕ್ಕೆ, ಹಾಕಿಸಿದ ಮೇಲೆ ಸಾಮಾನ್ಯವಾಗಿ ಏನಾಗಬಹುದು, ಅಪರೂಪಕ್ಕೆ ಏನಾಗಬಹುದು, ಯಾರಿಗೆ ಹಾಕಿಸಬಾರದು, ತೊಂದರೆಯಾದರೆ ಎಲ್ಲಿಗೆ ಬರಬೇಕು ಎಂದು ನರ್ಸಮ್ಮನಲ್ಲಿ ಕೇಳಿ. ಕೇಳಲು ಸಂಕೋಚ ಬೇಡ, ಉತ್ತರಿಸುವುದು ಅವರ ಕರ್ತವ್ಯ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತಾಯಿ ಕಾರ್ಡನ್ನು ಎಸೆಯಬೇಡಿ. ಔಷಧ ಕೊಂಡರೆ ಬಿಲ್ ಕೇಳಿ ಪಡೆಯಿರಿ, ಬಾಟಲಿಯ ಮೇಲಿನ ಬ್ಯಾಚ್ ನಂಬರ್ ನೋಡಿ. ಪುಟ್ಟ ಮಕ್ಕಳಿಗೆ ವೈದ್ಯರನ್ನು ಕೇಳದೆ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಬೇಡಿ. ಔಷಧದಿಂದ ತೊಂದರೆಯಾದರೆ ವೈದ್ಯರಿಗೆ ಹೇಳುವುದರ ಜೊತೆಗೆ ಸರಕಾರದ ಉಚಿತ ಸಹಾಯವಾಣಿ 1800-180-3024ಕ್ಕೂ ತಿಳಿಸಬಹುದು. ನಿಮ್ಮ ಒಂದು ದೂರು ಇನ್ನೊಬ್ಬಳ ಮಗುವನ್ನು ಉಳಿಸಬಹುದು. ಮೊಬೈಲಿಗೆ ಬಂದ ಸುದ್ದಿಯನ್ನು ಮುಂದೆ ಕಳುಹಿಸುವ ಮುನ್ನ ವಿಚಾರಿಸಿ ನೋಡಿ. ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬ ಆದೇಶ ಸೂರಃ ಹುಜುರಾತ್‌ನಲ್ಲಿರುವುದು ನಮಗೆಲ್ಲ ಗೊತ್ತೇ ಇದೆ.

ಇತ್ತೀಚೆಗೆ ಆ ತಾಯಿ ಮತ್ತೆ ಬಂದಿದ್ದರು. ಅಂದು ಸೊಂಟದಲ್ಲಿದ್ದ ಮಗಳಿಗೆ ಈಗ ಹದಿಮೂರು ವರ್ಷ. ವೈದ್ಯರು ಎಚ್‌ಪಿವಿ ಲಸಿಕೆಯ ಬಗ್ಗೆ ಹೇಳಿದ್ದಾರಂತೆ. ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಅದು ಕೆಟ್ಟ ನಡತೆಯಿಂದ ಬರುವ ರೋಗವಂತೆ. ನಮ್ಮ ಹುಡುಗಿಯರಿಗೆ ಏಕೆ ಟೀಚರ್?"

ನಾನು ಈ ಸಲ ನಗಲಿಲ್ಲ. ಕುಳ್ಳಿರಿಸಿ ಹೇಳಿದೆ. ಈ ವೈರಸ್ ದಾಂಪತ್ಯದಲ್ಲೂ ಹರಡುತ್ತದೆ, ಶೀಲವಂತೆಯಾದ ಹೆಂಡತಿಗೂ ಗಂಡನಿಂದ ಬರಬಹುದು, ಅವನಿಗೂ ಅದು ಇರುವುದು ಗೊತ್ತಿರುವುದಿಲ್ಲ. ಲಸಿಕೆ ಮದುವೆಗೆ ಬಹಳ ಮೊದಲೇ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ತೋಳು ನೋಯಬಹುದು, ಜ್ವರ ಬರಬಹುದು, ಕೆಲವು ಹುಡುಗಿಯರಿಗೆ ತಲೆಸುತ್ತು ಬರುವುದರಿಂದ ಕುಳ್ಳಿರಿಸಿಯೇ ಹಾಕುತ್ತಾರೆ. ತೀರಾ ಅಪರೂಪಕ್ಕೆ ತೀವ್ರವಾದ ಅಲರ್ಜಿಯಾಗಬಹುದು, ಅದಕ್ಕೇ ಅಲ್ಲಿ ಕಾಯಲು ಹೇಳುವುದು. ಖಮ್ಮಂನ ವಿಷಯವನ್ನೂ ಹೇಳಿದೆ, ಇಂಗ್ಲೆಂಡಿನ ಲೆಕ್ಕವನ್ನೂ ಹೇಳಿದೆ. ಕೊನೆಗೆ, "ಅಂದು ಏನೂ ಆಗುವುದಿಲ್ಲ ಎಂದದ್ದು ನನ್ನ ತಪ್ಪು, ಕ್ಷಮಿಸಿ" ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಂದು ಇವಳಿಗೆ ತಪ್ಪಿತಲ್ಲ ಟೀಚರ್, ಆ ರುಬೆಲ್ಲಾ ಲಸಿಕೆ? ಅದು ಯಾತಕ್ಕೆ ಇತ್ತು?"

ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿನ ಕಿವಿ, ಕಣ್ಣು, ಹೃದಯಕ್ಕೆ ಹಾನಿಯಾಗಬಹುದು ಎಂದು ಹೇಳಿದೆ. ಸಂತಾನವಾಗದಂತೆ ಮಾಡುವ ಲಸಿಕೆ ಎಂದು ಅಂದು ಹೆದರಿಸಿದ್ದರಲ್ಲ, ಅದು ಇದ್ದದ್ದೇ ಮುಂದೆ ಹುಟ್ಟುವ ಸಂತಾನವನ್ನು ಕಾಪಾಡಲು. ಈಗಲೂ ತಡವಾಗಿಲ್ಲ, ವೈದ್ಯರಲ್ಲಿ ಕೇಳಿ ಎಂದೆ. ಆಕೆ ನನ್ನ ಮೇಜಿನಿಂದ ಒಂದು ಕಾಗದ ಕೇಳಿ ತೆಗೆದುಕೊಂಡರು. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ತಮ್ಮ ಕೈಯಾರೆ ಬರೆದುಕೊಂಡರು. ಐದು ಪ್ರಶ್ನೆಗಳಾದವು. ಕಾಗದವನ್ನು ಮಡಚಿ ಬ್ಯಾಗಿನಲ್ಲಿಟ್ಟು, ಮಗಳನ್ನು ಕರೆದುಕೊಂಡು ಆಸ್ಪತ್ರೆಯ ದಾರಿ ಹಿಡಿದರು.